ಉಪನಗರದ ಹಸಿರು ನೆಲ ಮತ್ತು ಹೊಸ ವಸತಿ ಸಮುಚ್ಚಯಗಳ ವಿನ್ಯಾಸ

(ಉಪನ್ಯಾಸದ ಪಾಠ)

ನಗರಗಳ ಅಂಚಿನಲ್ಲಿ ಇನ್ನೂ ಕಟ್ಟಡಗಳೇಳದೆ ಉಳಿದಿರುವ ನೆಲವನ್ನು ಇಂದು ಎಲ್ಲರೂ 'ಖಾಲಿ ಜಾಗ' ಎಂದು ಕರೆಯುವುದು ರೂಢಿಯಾಗಿದೆ. ಹಳ್ಳಿಯ ಕನ್ನಡದಲ್ಲಿ ಹೀಗೆ ಖಾಲಿ ಎನಿಸಿಕೊಳ್ಳುವ ನೆಲ ಬಹು ಕಡಿಮೆ. ದನಕರುಗಳು ಮೇಯುವ ನೆಲ ಗೋಮಾಳ. ನೆರಳಿಗೂ ಹಣ್ಣಿಗೂ ಊರಿನವರು ಮರಗಳನ್ನು ಉಳಿಸಿಕೊಂಡ ನೆಲ ಗುಂಡುತೋಪು. ಕೆರೆಯ ನೀರುಣ್ಣುವ ಭೂಮಿ ಅಚ್ಚುಕಟ್ಟು. ಮಳೆಯನ್ನೇ ನಂಬಿದ ಹೊಲ ಖುಷ್ಕಿ. ಪ್ರತಿಯೊಂದು ಹೆಸರೂ ಆ ನೆಲ ಮಾಡುತ್ತಿದ್ದ ಕೆಲಸವನ್ನು ಹೇಳುತ್ತಿತ್ತು. ನಗರ ಬೆಳೆಯುತ್ತ ಬಂದು ಈ ನೆಲವನ್ನು ಮುಟ್ಟಿದಾಗ ಮೊದಲು ಅಳಿಸಿಹೋಗುವುದು ಹೆಸರು. ಹೆಸರಿನೊಡನೆ ಆ ಕೆಲಸದ ನೆನಪೂ ಅಳಿಸಿಹೋಗುತ್ತದೆ. ನೆಲ ಮಾತ್ರ ತನ್ನ ಕೆಲಸವನ್ನು ಮರೆಯುವುದಿಲ್ಲ. ನೀರು ಹರಿದು ಬರುತ್ತಿದ್ದ ಕಡೆಗೆ ಇಪ್ಪತ್ತು ವರ್ಷಗಳ ಮೇಲೆಯೂ ನೀರು ಬರುತ್ತದೆ. ಆಗ ಅಲ್ಲಿ ಮನೆಗಳಿರುತ್ತವೆ.

ಇಂಥ ಹಸಿರು ನೆಲದ ಮೇಲೆ ಬಹುಮಹಡಿ ವಸತಿಗಳನ್ನು ಕಟ್ಟುವಾಗ ವಿನ್ಯಾಸಕಾರನು ಯಾವುದನ್ನು ಮೊದಲು ಗಮನಿಸಬೇಕು, ಆ ಮನೆಗಳನ್ನು ಕೊಳ್ಳುವವರು ಯಾವುದನ್ನು ಕೇಳಬೇಕು ಎಂಬುದು ಈ ಉಪನ್ಯಾಸದ ವಿಷಯ. ಮನೆಗಳೇ ಬೇಡ ಎಂದು ಹೇಳುವುದು ಸುಲಭ; ಆದರೆ ನ್ಯಾಯವಲ್ಲ. ಕಲಬುರಗಿಯಿಂದಲೋ ವಿಜಯಪುರದಿಂದಲೋ ಮಂಗಳೂರಿನಿಂದಲೋ ಮುಂಬಯಿಗೆ ಬಂದ ಕುಟುಂಬ ಡೊಂಬಿವಲಿಯಲ್ಲಿ, ಠಾಣೆಯಲ್ಲಿ, ನವಿ ಮುಂಬಯಿಯಲ್ಲಿ ನೆಲೆ ಹುಡುಕಿದ್ದು ನಗರದ ನಡುವೆ ಅದಕ್ಕೆ ಎಟಕುವ ಮನೆ ಇಲ್ಲವೆಂಬ ಕಾರಣಕ್ಕೆ. ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲಿಯೂ ಮಾತು ಬೇರೆಯಲ್ಲ. ಮೊದಲೇ ಬಂದು ನೆಲೆಸಿದವರು ತಮ್ಮ ಕಿಟಕಿಯ ಹಸಿರಿನ ಹೆಸರಿನಲ್ಲಿ ಅನಂತರ ಬರುವವರಿಗೆ ಬಾಗಿಲು ಮುಚ್ಚುವುದನ್ನು ಪರಿಸರ ಪ್ರೇಮವೆಂದು ಕರೆಯಲಾಗದು.

ಆದರೂ ಕೆಲವು ನೆಲಗಳ ವಿಷಯದಲ್ಲಿ ವಿನ್ಯಾಸದ ಪ್ರಶ್ನೆಯೇ ಏಳುವುದಿಲ್ಲ. ಬಡಾವಣೆಯ ನಕ್ಷೆಯಲ್ಲಿ ಉದ್ಯಾನವೆಂದು ತೋರಿಸಿದ ನೆಲವನ್ನು ಬೇರೆ ಬಳಕೆಗೆ ಕೊಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ತೀರ್ಪಿತ್ತಿತು. ಆ ಪ್ರಕರಣ ಬೆಂಗಳೂರಿನದು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಹಂಚಿದ್ದನ್ನು ಅಲ್ಲಿನ ನಿವಾಸಿಗಳು ಪ್ರಶ್ನಿಸಿದ್ದರು. ಆಸ್ಪತ್ರೆಯೂ ಒಳ್ಳೆಯದೇ ಅಲ್ಲವೆ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಗ್ರಾಮಗಳ ಸಾರ್ವಜನಿಕ ಕೆರೆ ಕಟ್ಟೆ, ಗೋಮಾಳಗಳ ಮೇಲಿನ ಒತ್ತುವರಿಯನ್ನು ತೆರವು ಮಾಡಿಸಬೇಕೆಂದು ಅದೇ ನ್ಯಾಯಾಲಯ 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿತು. ಇಂಥ ನೆಲಗಳನ್ನು ಬಿಟ್ಟು, ನಗರ ಯೋಜನೆಯೇ ವಸತಿಗೆಂದು ಗುರುತಿಸಿದ ಹೊಲ, ತೋಟ, ಬಯಲುಗಳ ಮಾತು ಇಲ್ಲಿಯದು. ಕಾನೂನು ಒಪ್ಪಿದ ಮಾತ್ರಕ್ಕೆ ನೆಲದ ಗುಣ ಬದಲಾಗದಾದ್ದರಿಂದ ನಿಜವಾದ ಹೊಣೆ ಇಲ್ಲಿಂದಲೇ ಆರಂಭವಾಗುತ್ತದೆ.

ಮೊದಲು ನೀರಿನ ಲೆಕ್ಕ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಹತ್ತು ಎಕರೆ ಎಂದರೆ ಸುಮಾರು 40,000 ಚದರ ಮೀಟರ್. ಅದರ ಮೇಲೆ ಒಂದು ದಿನದಲ್ಲಿ 100 ಮಿಲಿಮೀಟರ್ ಮಳೆಯಾದರೆ 40 ಲಕ್ಷ ಲೀಟರ್ ನೀರು ಬಿದ್ದಂತೆ. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ ನಾನೂರು ಟ್ಯಾಂಕರು. ಹುಲ್ಲು ಮರಗಳಿರುವ ಮೃದುವಾದ ನೆಲ ಇದರ ಬಹುಪಾಲನ್ನು ಕುಡಿಯುತ್ತದೆ, ಇಲ್ಲವೆ ತಗ್ಗುಗಳಲ್ಲಿ ತಡೆದು ನಿಲ್ಲಿಸಿಕೊಂಡು ನಿಧಾನವಾಗಿ ಬಿಡುತ್ತದೆ. ಅದೇ ನೆಲವನ್ನು ತಾರಸಿ, ಕಾಂಕ್ರೀಟು, ಡಾಂಬರುಗಳಿಂದ ಮುಚ್ಚಿದರೆ ಹತ್ತರಲ್ಲಿ ಒಂಬತ್ತು ಪಾಲಿನವರೆಗೂ ಕೂಡಲೇ ಹೊರಗೆ ಹರಿಯುತ್ತದೆ. ಎಲ್ಲಿಗೆ ಎಂಬುದೇ ಪ್ರಶ್ನೆ. ಸಾಮಾನ್ಯವಾಗಿ ತಗ್ಗಿನಲ್ಲಿರುವ ಹಳೆಯ ಹಳ್ಳಿಗೆ, ಅಥವಾ ಪಕ್ಕದ ಸಣ್ಣ ಮನೆಗಳ ಬೀದಿಗೆ. ಹೊಸ ಸಮುಚ್ಚಯ ತನ್ನ ನೆಲಗಟ್ಟನ್ನು ಮಣ್ಣು ತುಂಬಿಸಿ ಎತ್ತರಿಸಿಕೊಂಡಿರುತ್ತದೆಯಾದ್ದರಿಂದ ಅದರ ಅಂಗಳ ಒಣಗಿಯೇ ಇರಬಹುದು. ಇಂಥ ವಿನ್ಯಾಸವನ್ನು ಯಶಸ್ವಿಯೆಂದು ಕರೆಯುವ ರೂಢಿ ಇದೆ. ಹಾನಿಯನ್ನು ಕಾಂಪೌಂಡಿನ ಆಚೆ ದಾಟಿಸಿದ್ದಷ್ಟೇ ಅದರ ಯಶಸ್ಸು.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರದಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಅನಂತರ ನಿಜಾಮ್ ಸರ್ಕಾರದ ಆಹ್ವಾನದ ಮೇಲೆ ಅಲ್ಲಿಗೆ ಬಂದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ನಗರದೊಳಗೆ ನದಿಯ ದಡಗಳನ್ನು ಬಲಪಡಿಸಿದರೆ ಸಾಲದು, ನಗರಕ್ಕೆ ಮೇಲ್ಭಾಗದಲ್ಲಿಯೇ ನೀರನ್ನು ತಡೆಯಬೇಕೆಂಬುದು ಅವರ ಸಲಹೆಯಾಗಿತ್ತು. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದುವು. ಪ್ರವಾಹ ತಡೆಯಲು ಕಟ್ಟಿದ ಈ ಜಲಾಶಯಗಳು ನಗರದ ಕುಡಿಯುವ ನೀರಿನ ಮೂಲಗಳೂ ಆದುವು. 1996ರಲ್ಲಿ ಅಂದಿನ ಆಂಧ್ರ ಪ್ರದೇಶ ಸರ್ಕಾರ 111ನೆಯ ಸಂಖ್ಯೆಯ ಆದೇಶದ ಮೂಲಕ ಇವುಗಳ ಸುತ್ತ ಹತ್ತು ಕಿಲೋಮೀಟರ್ ವ್ಯಾಪ್ತಿಯ 84 ಹಳ್ಳಿಗಳಲ್ಲಿ ಕೈಗಾರಿಕೆ, ಬಹುಮಹಡಿ ವಸತಿ ಮೊದಲಾದುವನ್ನು ನಿರ್ಬಂಧಿಸಿತು. ತಮ್ಮ ಭೂಮಿಗೆ ಬೆಲೆಯೇ ಬಾರದಂತಾಯಿತೆಂದು ಆ ಹಳ್ಳಿಗಳ ರೈತರು ಎರಡು ದಶಕಗಳಿಗೂ ಮೀರಿ ದೂರುತ್ತ ಬಂದರು. ಅವರ ದೂರಿನಲ್ಲಿ ಹುರುಳಿಲ್ಲದಿರಲಿಲ್ಲ. ನಗರಕ್ಕೆ ನೀರು ಬೇಕು, ಅದರ ಬೆಲೆ ತೆರುವವನು ಮಾತ್ರ ಹಳ್ಳಿಯ ರೈತ ಎಂಬ ವ್ಯವಸ್ಥೆ ಬಹುಕಾಲ ನಿಲ್ಲದು. 2022ರ ಏಪ್ರಿಲಿನಲ್ಲಿ ತೆಲಂಗಾಣ ಸರ್ಕಾರ ಆ ನಿರ್ಬಂಧಗಳನ್ನು ಹಿಂತೆಗೆದುಕೊಂಡು ಆದೇಶ ಹೊರಡಿಸಿತು. ಆದೇಶ ಹೊರಟರೂ ಆ ಇಳಿಜಾರುಗಳ ಮೇಲೆ ಬಿದ್ದ ಮಳೆ ಹರಿಯುವ ದಿಕ್ಕು ಬದಲಾಗುವುದಿಲ್ಲ. ಅಲ್ಲಿ ಮನೆ ಕಟ್ಟುವವನು ವಿಶ್ವೇಶ್ವರಯ್ಯನವರು ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿಕೊಳ್ಳಬೇಕಾಗುತ್ತದೆ.

ಚೆನ್ನೈಯ ದಕ್ಷಿಣದ ಪಳ್ಳಿಕ್ಕರಣೈ ಜೌಗು ನೆಲದ ಕತೆ ಇನ್ನೂ ಕಠಿನ. ದಕ್ಷಿಣ ಚೆನ್ನೈಯ ಅನೇಕ ಕೆರೆಗಳ ಹೆಚ್ಚುವರಿ ನೀರನ್ನು ಸ್ವೀಕರಿಸಿ ಸಮುದ್ರದ ಕಡೆಗೆ ಬಿಡುತ್ತಿದ್ದ ಈ ವಿಸ್ತಾರವಾದ ಪ್ರದೇಶ ಕಸದ ರಾಶಿ, ರಸ್ತೆ, ಕಚೇರಿ, ವಸತಿಗಳ ನಡುವೆ ಕುಗ್ಗುತ್ತ ಬಂದಿತು. 2022ರಲ್ಲಿ ಸುಮಾರು 1,247 ಹೆಕ್ಟೇರ್ ಪ್ರದೇಶಕ್ಕೆ ರಾಮ್‌ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಅಷ್ಟರಲ್ಲಿ 2015ರ ಡಿಸೆಂಬರ್ ಬಂದು ಹೋಗಿತ್ತು. ಆ ಮಳೆಯಲ್ಲಿ ವೇಳಚ್ಚೇರಿಯಂಥ ಬಡಾವಣೆಗಳಲ್ಲಿ ಕೆಳ ಅಂತಸ್ತುಗಳು ನೀರಿನಲ್ಲಿ ಮುಳುಗಿ, ನಿವಾಸಿಗಳು ದೋಣಿಗಳನ್ನು ಹತ್ತಬೇಕಾಯಿತು. ಅಲ್ಲಿ ಮನೆ ಕೊಂಡವರಲ್ಲಿ ಬಹುಮಂದಿ ತಗ್ಗು ನೆಲವೆಂದು ತಿಳಿದು ಕೊಂಡವರಲ್ಲ. ಬೇಸಗೆಯಲ್ಲಿ ಬಂದು ನೋಡಿದ ನೆಲ ಒಣಗಿಯೇ ಇರುತ್ತದೆ.

ಆದ್ದರಿಂದ ವಿನ್ಯಾಸದ ಮೊದಲ ನಕ್ಷೆಯಲ್ಲಿ ಮನೆಗಳಿರಬಾರದು. ನೆಲದ ಏರುತಗ್ಗುಗಳು, ಅಕ್ಕಪಕ್ಕದ ನೆಲದಿಂದ ನೀರು ಒಳಗೆ ಬರುವ ಸ್ಥಾನ, ಅದು ಹೊರಹೋಗುವ ಸ್ಥಾನ, ಹಳೆಯ ಬಾವಿ, ಹಳ್ಳ, ಪ್ರತಿಯೊಂದು ಮರದ ಜಾತಿ ಮತ್ತು ಸುತ್ತಳತೆ, ಜನ ಎಂದಿನಿಂದಲೋ ನಡೆದು ಮಾಡಿದ ಕಾಲುದಾರಿ, ಇವಿಷ್ಟೇ ಅದರಲ್ಲಿರಬೇಕು. ಕಂದಾಯ ಇಲಾಖೆಯ ಹಳೆಯ ಗ್ರಾಮನಕ್ಷೆಯನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಇಂದು ಕಣ್ಣಿಗೆ ಕಾಣದ ಕಾಲುವೆ ಅಲ್ಲಿ ಗೆರೆಯಾಗಿ ಉಳಿದಿರುವುದುಂಟು. ಸಾಧ್ಯವಿದ್ದಲ್ಲಿ ಒಂದು ಮಳೆಗಾಲವನ್ನು ಪೂರ್ತಿಯಾಗಿ ನೋಡಿದ ಮೇಲೆಯೇ ಮುಂದಿನ ನಕ್ಷೆ ತೆಗೆಯುವುದು ಮೇಲು. ಮಣ್ಣಿನ ಪರೀಕ್ಷೆಯೂ ಕಟ್ಟಡದ ಭಾರ ತಾಳುವುದೋ ಇಲ್ಲವೋ ಎಂಬಲ್ಲಿಗೆ ನಿಲ್ಲಬಾರದು. ನೀರನ್ನು ಎಷ್ಟು ವೇಗದಲ್ಲಿ ಕುಡಿಯುತ್ತದೆ ಎಂಬುದನ್ನೂ ಹೇಳಬೇಕು. ದಖ್ಖನಿನ ಕಪ್ಪು ಮಣ್ಣು ನೆನೆದಾಗ ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುವುದರಿಂದ ಅದರಲ್ಲಿ ನೀರು ಬೇಗ ಇಳಿಯದು. ಅಂಥ ಕಡೆ ಸಾಲುಸಾಲಾಗಿ ಇಂಗುಗುಂಡಿ ತೋಡುವುದಕ್ಕಿಂತ ತಗ್ಗಿನಲ್ಲಿ ಒಂದು ಕೊಳವನ್ನು ಉಳಿಸಿಕೊಳ್ಳುವುದು ಲೇಸು. ಎಲ್ಲ ಊರಿಗೂ ಒಂದೇ ಮಾದರಿಯ ಇಂಗುಗುಂಡಿಯ ಚಿತ್ರವನ್ನು ಅಂಟಿಸಿ ಅನುಮತಿ ಪಡೆಯುವ ಪದ್ಧತಿಗೆ ಕಾಗದದ ಬೆಲೆಯೂ ಇಲ್ಲ.

ಕಟ್ಟದೆ ಬಿಡುವ ನೆಲವನ್ನು ಮೊದಲು ರೂಪಿಸಿ, ಅನಂತರ ಮನೆಗಳನ್ನು ಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯಲ್ಲೊಂದು ಪ್ರಸಿದ್ಧ ಉದಾಹರಣೆಯಿದೆ. 1982ರ ನವೆಂಬರಿನಲ್ಲಿ ನಡೆದ ಒಂಬತ್ತನೆಯ ಏಷ್ಯನ್ ಕ್ರೀಡಾಕೂಟದ ಸ್ಪರ್ಧಾಳುಗಳಿಗಾಗಿ ದೆಹಲಿಯ ದಕ್ಷಿಣದಲ್ಲಿ ಸಿರಿ ಕೋಟೆಯ ಬಳಿ ಕ್ರೀಡಾಗ್ರಾಮವೊಂದು ನಿರ್ಮಾಣವಾಯಿತು. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಕಟ್ಟಿಸಿದ ಸಿರಿ ನಗರದ ಗೋಡೆಯ ಭಗ್ನಾವಶೇಷಗಳು ಇಂದಿಗೂ ಆ ಸುತ್ತಿನಲ್ಲಿ ಕಾಣಸಿಗುತ್ತವೆ. ವಾಸ್ತುಶಿಲ್ಪಿ ರಾಜ್ ರೇವಲ್ ಅವರು ಸುಮಾರು 35 ಎಕರೆ ನೆಲದಲ್ಲಿ 200 ಸಾಲುಮನೆಗಳು, 500 ಫ್ಲ್ಯಾಟುಗಳು, ಒಟ್ಟು 700 ವಸತಿಗಳನ್ನು ವಿನ್ಯಾಸ ಮಾಡಿದರು. ಕ್ರೀಡಾಕೂಟ ಮುಗಿದ ಮೇಲೆ ಕುಟುಂಬಗಳು ಅಲ್ಲಿ ವಾಸ ಮಾಡಬೇಕೆಂಬುದು ಮೊದಲಿನಿಂದಲೂ ಇದ್ದ ಉದ್ದೇಶ.

ರೇವಲ್ ಅವರು ಗೋಪುರಗಳನ್ನು ನಿಲ್ಲಿಸಲಿಲ್ಲ. ಜೈಸಲ್ಮೇರ್, ಜೋಧಪುರಗಳಂಥ ಹಳೆಯ ಊರುಗಳ ಮೊಹಲ್ಲಾಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ನಾಲ್ಕು ಅಂತಸ್ತಿಗೆ ಮೀರದ ಮನೆಗಳನ್ನು ಚೌಕಗಳ ಸುತ್ತ ಗುಂಪುಗುಂಪಾಗಿ ಜೋಡಿಸಿದರು. ಕಾರುಗಳ ದಾರಿ ಹೊರಸುತ್ತಿನಲ್ಲಿ. ಅಲ್ಲಿಂದ ಒಳಕ್ಕೆ ಸಣ್ಣ ಕುರುಡು ಬೀದಿಗಳು ಚಾಚಿ ಮನೆಗಳ ಹಿಂಬದಿಗೆ ಬಂದು ನಿಲ್ಲುತ್ತವೆ. ನಡುವಿನ ಬೀದಿ ಪೂರ್ತಿಯಾಗಿ ನಡೆಯುವವರದು. ಅದು ಒಂದು ಕಡೆ ಕಿರಿದಾಗುತ್ತದೆ, ಒಂದು ಕಡೆ ಹೆಬ್ಬಾಗಿಲಿನ ಕೆಳಗೆ ಹಾಯುತ್ತದೆ, ಮುಂದೆ ಚೌಕವಾಗಿ ತೆರೆದುಕೊಳ್ಳುತ್ತದೆ. ಮನೆಗಳು ಒಂದಕ್ಕೊಂದು ನೆರಳು ಕೊಡುವುದರಿಂದ ದೆಹಲಿಯ ಬೇಸಗೆಯಲ್ಲೂ ಬೀದಿಯಲ್ಲಿ ನಡೆಯುವುದು ಸಾಧ್ಯ. ಮೇಲಿನ ಮನೆಗಳಿಗೆ ತಾರಸಿಯ ಅಂಗಳ, ಕೆಳಗಿನವಕ್ಕೆ ಹಿತ್ತಿಲು. ಮಗು ಮನೆಯಿಂದ ಹೊರಬಂದರೆ ಕಾರಿಗೆ ಎದುರಾಗದೆ ಇನ್ನೊಂದು ಮನೆಗೆ ಹೋಗಬಹುದು. ನಾಲ್ಕು ದಶಕಗಳಾದ ಮೇಲೆಯೂ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಈ ಗ್ರಾಮವನ್ನು ಅಧ್ಯಯನ ಮಾಡುತ್ತಾರೆ. ಇಲ್ಲಿ ತೆರೆದ ನೆಲ ಮನೆಗಳ ನಡುವೆ ಮಿಕ್ಕ ಚೂರುಗಳಲ್ಲ. ಅಂಗಳಗಳೂ ಬೀದಿಗಳೂ ಬರೆದ ಮೇಲೆ ಮನೆಗಳು ಅವುಗಳ ಸುತ್ತ ಗೋಡೆಯಾಗಿ ನಿಂತಿವೆ.

ಈ ಮಾದರಿಯನ್ನು ಹಾಗೆಯೇ ನಕಲು ಮಾಡಲಾಗದು ಎಂಬುದನ್ನೂ ಹೇಳಬೇಕು. 35 ಎಕರೆಗೆ 700 ಮನೆ ಎಂದರೆ ಎಕರೆಗೆ ಇಪ್ಪತ್ತು. ಇಂದಿನ ಉಪನಗರದಲ್ಲಿ ಆ ಲೆಕ್ಕಕ್ಕೆ ಕಟ್ಟಿದ ಮನೆ ಸಿರಿವಂತರಿಗೆ ಮಾತ್ರ ಎಟಕೀತು. ಹಾಗಾದರೆ ಅದೇ ತತ್ತ್ವವನ್ನು ಹೆಚ್ಚು ಮನೆಗಳಿಗೆ ಅನ್ವಯಿಸಲು ಸಾಧ್ಯವೆ? ಹತ್ತು ಎಕರೆ, ಅಂದರೆ 40,000 ಚದರ ಮೀಟರ್ ನೆಲವನ್ನೇ ಮತ್ತೆ ತೆಗೆದುಕೊಳ್ಳಬಹುದು. ನೆಲದ ಒಂದೂವರೆ ಪಟ್ಟು ಕಟ್ಟಲು ಅನುಮತಿಯಿದೆ ಎಂದಿಟ್ಟುಕೊಂಡರೆ 60,000 ಚದರ ಮೀಟರ್ ಕಟ್ಟಡ. ಗೋಡೆ, ಮೆಟ್ಟಿಲು, ಓಣಿ ಎಲ್ಲ ಸೇರಿ ಮನೆಯೊಂದಕ್ಕೆ ನೂರು ಚದರ ಮೀಟರ್ ಹಿಡಿದರೆ 600 ಮನೆಗಳು. ಇವನ್ನು ಹನ್ನೆರಡು ಅಂತಸ್ತುಗಳಲ್ಲಿ ಕಟ್ಟಿದರೆ ಕಟ್ಟಡ ಆಕ್ರಮಿಸುವ ನೆಲ 5,000 ಚದರ ಮೀಟರ್, ಅಂದರೆ ನೂರಕ್ಕೆ ಹನ್ನೆರಡೂವರೆ. ನಾಲ್ಕು ಅಂತಸ್ತುಗಳಲ್ಲಿ ಕಟ್ಟಿದರೆ 15,000 ಚದರ ಮೀಟರ್, ನೂರಕ್ಕೆ ಮೂವತ್ತೇಳೂವರೆ. ಈ ಎರಡು ಸಂಖ್ಯೆಗಳನ್ನು ಮಾತ್ರ ನೋಡಿದವರು ಎತ್ತರದ ಕಟ್ಟಡವೇ ಹಸಿರಿಗೆ ಮಿತ್ರನೆಂದು ತೀರ್ಮಾನಿಸುತ್ತಾರೆ. ಮಾರಾಟದ ಪುಸ್ತಿಕೆಗಳಲ್ಲಿ ನೂರಕ್ಕೆ ಎಂಬತ್ತು ತೆರೆದ ಜಾಗ ಎಂಬ ಮಾತು ಹುಟ್ಟುವುದು ಇಲ್ಲಿಯೇ.

ಈ ಲೆಕ್ಕದಲ್ಲಿ ಕಾರುಗಳು ಸೇರಿಲ್ಲ. ಭಾರತದ ಕಟ್ಟಡ ನಿಯಮಗಳಲ್ಲಿ ಒಂದು ಕಾರಿನ ನಿಲುಗಡೆಗೆ, ಅದು ತಿರುಗಿ ಹೋಗುವ ದಾರಿಯೂ ಸೇರಿ, ತೆರೆದ ನೆಲದಲ್ಲಿ 23 ಚದರ ಮೀಟರ್, ಕಟ್ಟಡದ ಕೆಳಗಿನ ಕಂಬಗಳ ನಡುವೆ 28 ಚದರ ಮೀಟರ್, ನೆಲಮಾಳಿಗೆಯಲ್ಲಿ 32 ಚದರ ಮೀಟರ್ ಎಂದು ಎಣಿಸುವುದು ವಾಡಿಕೆ. ಎರಡು ಕಾರುಗಳ ನೆಲಮಾಳಿಗೆಯ ಜಾಗದಲ್ಲಿ ಒಂದು ಸಣ್ಣ ಕುಟುಂಬದ ಮನೆ ಹಿಡಿಯುತ್ತದೆ! ಮನೆಗೊಂದರಂತೆ 600 ಕಾರುಗಳನ್ನು ಬಯಲಲ್ಲಿ ನಿಲ್ಲಿಸಿದರೆ 13,800 ಚದರ ಮೀಟರ್. ಒಂದೇ ಅಂತಸ್ತಿನ ನೆಲಮಾಳಿಗೆಯಲ್ಲಿಟ್ಟರೆ 19,200 ಚದರ ಮೀಟರ್, ಅಂದರೆ ನಿವೇಶನದ ಹೆಚ್ಚುಕಡಿಮೆ ಅರ್ಧ. ಹನ್ನೆರಡು ಅಂತಸ್ತಿನ ಗೋಪುರ ಮೇಲೆ ತೆಳ್ಳಗೆ ನಿಂತಿದ್ದರೂ ಅದರ ನೆಲಮಾಳಿಗೆ ಸುತ್ತಲಿನ ಹುಲ್ಲುಹಾಸಿನ ಕೆಳಗೆಲ್ಲ ಹರಡಿರುತ್ತದೆ. ಇದರ ಮೇಲೆ, 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡಗಳ ಸುತ್ತ ಅಗ್ನಿಶಾಮಕ ವಾಹನ ಚಲಿಸಲು ಕನಿಷ್ಠ ಆರು ಮೀಟರ್ ಅಗಲದ, ವಾಹನದ ಭಾರ ತಾಳುವ ಗಟ್ಟಿ ನೆಲವನ್ನು ಬಿಡಬೇಕು. ಅದು ಜೀವ ಉಳಿಸುವ ನಿಯಮ, ಕೈಬಿಡುವಂತಿಲ್ಲ. ಆದರೆ ಅದನ್ನು ಹಸಿರಿನ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ.

ನಾಲ್ಕು ಅಂತಸ್ತಿನ ಮನೆಗಳನ್ನು ಕಂಬಗಳ ಮೇಲೆ ನಿಲ್ಲಿಸಿದರೆ, ಕೆಳಗಿನ 15,000 ಚದರ ಮೀಟರಿನಲ್ಲಿ ಲೆಕ್ಕಕ್ಕೆ 535 ಕಾರುಗಳು ಹಿಡಿಯುತ್ತವೆ. ಮೆಟ್ಟಿಲು, ಲಿಫ್ಟು, ಕಂಬಗಳಿಗಾಗಿ ಒಂದು ಪಾಲನ್ನು ಕಳೆದರೂ ನೆಲ ಅಗೆಯದೆಯೇ ಹೆಚ್ಚಿನವಕ್ಕೆ ಜಾಗ ಸಿಗುತ್ತದೆ. ಉಳಿದವು ಗೇಟಿನ ಬಳಿ ಮರಗಳ ನೆರಳಿನಲ್ಲಿ ನಿಲ್ಲಬಹುದು. ಹೀಗೆ ಮಾಡಿದಾಗ ನಿವೇಶನದ ಅರ್ಧದಷ್ಟು ನೆಲ, ದಾರಿಗಳನ್ನೂ ಸೇರಿಸಿಕೊಂಡು, ಕೆಳಗೆ ನಿಜವಾದ ಮಣ್ಣನ್ನೇ ಉಳಿಸಿಕೊಂಡಿರುತ್ತದೆ. ಎತ್ತರದ ಕಟ್ಟಡ ಮತ್ತು ಗಿಡ್ಡ ಕಟ್ಟಡಗಳ ನಡುವಿನ ವಾದದಲ್ಲಿ ನೆಲದ ಭವಿಷ್ಯವನ್ನು ನಿರ್ಧರಿಸುವುದು ಕಾರನ್ನು ಎಲ್ಲಿ ನಿಲ್ಲಿಸಲಾಗುವುದು ಎಂಬ ಪ್ರಶ್ನೆ. ರೈಲು, ಮೆಟ್ರೊ ನಿಲ್ದಾಣ ಹತ್ತಿರವಿರುವಲ್ಲಿ ಮನೆಗೊಂದು ಕಾರು ಎಂಬ ಎಣಿಕೆಯನ್ನೇ ಕಡಿಮೆ ಮಾಡುವುದು ಇನ್ನೂ ಉತ್ತಮ. ಕಂಬಗಳ ಮೇಲಿನ ಕಟ್ಟಡಕ್ಕೊಂದು ಎಚ್ಚರಿಕೆಯೂ ಉಂಟು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ದೂರದ ಅಹಮದಾಬಾದಿನಲ್ಲಿ ಕುಸಿದ ಅನೇಕ ಫ್ಲ್ಯಾಟು ಕಟ್ಟಡಗಳು ಕೆಳಗೆ ಗೋಡೆಗಳಿಲ್ಲದೆ ಬರಿಯ ಕಂಬಗಳ ಮೇಲೆ ನಿಂತವಾಗಿದ್ದುವು. ಆದ್ದರಿಂದ ಭೂಕಂಪ ನಿರೋಧಕ ಮಾನಕಗಳಂತೆ ಕೆಳ ಅಂತಸ್ತನ್ನು ವಿಶೇಷವಾಗಿ ಬಲಪಡಿಸಬೇಕು. ವೃದ್ಧರಿಗೂ ಅಂಗವಿಕಲರಿಗೂ ನಾಲ್ಕನೆಯ ಅಂತಸ್ತು ನಿಲುಕುವಂತೆ ಲಿಫ್ಟೂ ಬೇಕು.

ಮಣ್ಣಿಗೆ ಇಷ್ಟು ಮಹತ್ತ್ವವೇಕೆ ಎಂದು ಕೇಳಬಹುದು. ಚಪ್ಪಡಿಯ ಮೇಲೆ ಹಾಸಿದ ಒಂದೆರಡು ಅಡಿ ಮಣ್ಣಿನಲ್ಲಿ ಹುಲ್ಲು ಬೆಳೆದೀತು, ಕ್ರೋಟನ್ ಬೆಳೆದೀತು; ಆಲ, ಬೇವು, ಹೊಂಗೆ ತಮ್ಮ ನಿಜವಾದ ಅಳತೆಗೆ ಬೆಳೆಯಲಾರವು. ನೆನೆದ ಮಣ್ಣಿನ ಭಾರ ಘನ ಮೀಟರಿಗೆ ಎರಡು ಟನ್ನಿನ ಸಮೀಪ ಬರುವುದರಿಂದ ಅದನ್ನು ಆಳವಾಗಿ ತುಂಬಲು ಕಟ್ಟುವವನು ಹಿಂಜರಿಯುತ್ತಾನೆ. ಅಲ್ಲಿ ಬಿದ್ದ ಮಳೆ ಅಂತರ್ಜಲಕ್ಕೆ ಇಳಿಯದೆ ಕೊಳವೆಯ ಮೂಲಕ ಚರಂಡಿ ಸೇರುತ್ತದೆ. ಮುಂಬಯಿಯಲ್ಲಿ ಈ ವಿಷಯ ನ್ಯಾಯಾಲಯದವರೆಗೂ ಹೋಯಿತು. ಅಲ್ಲಿನ 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳಂತೆ, ನಿವೇಶನದ ವಿಸ್ತೀರ್ಣವನ್ನು ಅನುಸರಿಸಿ ನೂರಕ್ಕೆ 15, 20 ಅಥವಾ 25ರಷ್ಟು ನೆಲವನ್ನು ಮನರಂಜನೆಯ ತೆರೆದ ಜಾಗವಾಗಿ ಬಿಡಬೇಕಾಗಿತ್ತು. ಈ ಜಾಗವನ್ನು ಕಾರು ನಿಲುಗಡೆಯ ಅಂತಸ್ತುಗಳ ಮೇಲಿನ ಪೋಡಿಯಂ ಮೇಲೆ ತೋರಿಸುವ ರೂಢಿ ಬೆಳೆದಿತ್ತು. 2013ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮುಂಬಯಿ ಮಹಾನಗರಪಾಲಿಕೆ ಮತ್ತು ಕೊಹಿನೂರ್ ಸಂಸ್ಥೆಯ ನಡುವಣ ಪ್ರಕರಣದಲ್ಲಿ, ನಿಯಮ ವಿಧಿಸಿದ ಕನಿಷ್ಠ ತೆರೆದ ಜಾಗ ನೆಲದ ಮಟ್ಟದಲ್ಲಿಯೇ ಇರತಕ್ಕದ್ದೆಂದು ತೀರ್ಪು ನೀಡಿತು. ಪೋಡಿಯಂ ಮೇಲೆ ತೋಟ ಮಾಡಬಾರದೆಂದು ಇದರ ಅರ್ಥವಲ್ಲ. ಅದು ನೆಲಕ್ಕೆ ಬದಲಿಯಾಗಲಾರದು ಎಂದಷ್ಟೇ ಅರ್ಥ.

ಮರಗಳ ಮಾತು ಬಂದಾಗ ಒಂದಕ್ಕೆ ಹತ್ತು ಸಸಿ ನೆಡುತ್ತೇವೆ ಎಂಬ ಉತ್ತರ ಸಿದ್ಧವಾಗಿರುತ್ತದೆ. 2018ರಲ್ಲಿ ದಕ್ಷಿಣ ದೆಹಲಿಯ ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ ಮೊದಲಾದ ಏಳು ಸರ್ಕಾರಿ ವಸತಿ ಬಡಾವಣೆಗಳ ಪುನರ್ನಿರ್ಮಾಣಕ್ಕಾಗಿ ಸಾವಿರಾರು ಮರಗಳನ್ನು ಕಡಿಯಬೇಕಾಗುತ್ತದೆಂದು ತಿಳಿದಾಗ ನಾಗರಿಕರು ಮರಗಳನ್ನು ಅಪ್ಪಿಕೊಂಡು ಪ್ರತಿಭಟಿಸಿದರು. ದೆಹಲಿ ಉಚ್ಚ ನ್ಯಾಯಾಲಯ ಕಡಿಯುವುದಕ್ಕೆ ತಡೆ ನೀಡಿತು. ಮರಗಳನ್ನು ಉಳಿಸುವಂತೆ ನಕ್ಷೆಗಳನ್ನು ಬದಲಾಯಿಸಲಾಗುವುದೆಂದು ಸರ್ಕಾರ ಘೋಷಿಸಿತು. ಪ್ರತಿಭಟನೆಯ ಮೇಲೆ ಬದಲಾಯಿಸಲು ಸಾಧ್ಯವಾಗುವ ನಕ್ಷೆಯನ್ನು ಮೊದಲೇ ಹಾಗೆ ಬರೆಯಲೂ ಸಾಧ್ಯವಿತ್ತೆಂಬುದನ್ನು ವಿನ್ಯಾಸಕಾರರು ಗಮನಿಸಬೇಕು. 2020ರಲ್ಲಿ ದೆಹಲಿ ಸರ್ಕಾರ ಮರಗಳ ಸ್ಥಳಾಂತರ ನೀತಿಯೊಂದನ್ನು ಅಂಗೀಕರಿಸಿ, ಯೋಜನೆಗೆ ಅಡ್ಡ ಬರುವ ಮರಗಳಲ್ಲಿ ನೂರಕ್ಕೆ ಎಂಬತ್ತನ್ನಾದರೂ ಬೇರೆಡೆಗೆ ಸಾಗಿಸಿ ನೆಡಬೇಕೆಂದು ವಿಧಿಸಿತು. ಕಿತ್ತು ನೆಟ್ಟ ದೊಡ್ಡ ಮರ ಎಲ್ಲ ಕಡೆಯೂ ಬದುಕುವುದಿಲ್ಲ. ನಿಂತಲ್ಲಿಯೇ ಉಳಿಸಿದ ಮರವೂ ಸುತ್ತ ಅಗೆದು ಬೇರು ಕತ್ತರಿಸಿದರೆ, ಬುಡದವರೆಗೆ ಕಾಂಕ್ರೀಟು ಹಾಕಿದರೆ ಕೆಲವು ವರ್ಷಗಳಲ್ಲಿ ಒಣಗುತ್ತದೆ. ರೆಂಬೆಗಳು ಹರಡಿದಷ್ಟು ನೆಲವನ್ನಾದರೂ ಮುಟ್ಟದೆ ಬೇಲಿ ಹಾಕಿ ಕಾಯ್ದರೆ ಮಾತ್ರ ಮರವನ್ನು ಉಳಿಸಿದಂತೆ.

ದೆಹಲಿಯ ಇನ್ನೊಂದು ಕ್ರೀಡಾಗ್ರಾಮದ ಹೆಸರನ್ನೂ ಇಲ್ಲಿ ಹೇಳದೆ ಬಿಡಲಾಗದು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ಯಮುನೆಯ ಪೂರ್ವ ದಡದಲ್ಲಿ 1,168 ಫ್ಲ್ಯಾಟುಗಳನ್ನು ಕಟ್ಟಲಾಯಿತು. ಆ ನೆಲ ನದಿಯ ಪ್ರವಾಹ ಬಯಲೇ ಅಲ್ಲವೇ ಎಂಬ ವಿವಾದ 2009ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ನಿರ್ಮಾಣದ ಪರವಾಗಿ ಮುಗಿಯಿತು. ಕಾನೂನಿನ ಪ್ರಶ್ನೆ ಅಲ್ಲಿಗೆ ತೀರಿತು. 2023ರ ಜುಲೈಯಲ್ಲಿ ಯಮುನೆ ದೆಹಲಿಯಲ್ಲಿ 208.66 ಮೀಟರ್ ಎತ್ತರಕ್ಕೆ, ಅಲ್ಲಿಯವರೆಗಿನ ದಾಖಲೆಗಳನ್ನೆಲ್ಲ ಮೀರಿ ಏರಿದಾಗ, ದಡದ ನೆಲಗಳ ಬಗೆಗಿನ ಚರ್ಚೆ ಮತ್ತೆ ಎದ್ದಿತು.

ಹಸಿರು ನೆಲ ಯಾರದು ಎಂಬ ಪ್ರಶ್ನೆಯನ್ನು ನಕ್ಷೆಗಳು ಕೇಳುವುದಿಲ್ಲ. ಪುಣೆಯ ಹಡಪ್ಸರದಲ್ಲಿ ಮಗರ್‌ಪಟ್ಟಾದ ಸುಮಾರು 120 ರೈತ ಕುಟುಂಬಗಳು ತಮ್ಮ ನಾನೂರು ಎಕರೆಗಳಷ್ಟು ಭೂಮಿಯನ್ನು ಚೂರುಚೂರಾಗಿ ಮಾರದೆ, ಸತೀಶ್ ಮಗರ್ ಅವರ ಮುಂದಾಳುತನದಲ್ಲಿ ಒಂದುಗೂಡಿಸಿ ತಾವೇ ಕಂಪೆನಿ ಕಟ್ಟಿ ಪಾಲುದಾರರಾದುವು. ಭೂಮಿ ಒಂದೇ ಕೈಯಲ್ಲಿದ್ದುದರಿಂದ ದೊಡ್ಡ ಉದ್ಯಾನವನ್ನು ಒಟ್ಟಾಗಿ ಯೋಜಿಸುವುದೂ ಸುಲಭವಾಯಿತು. ಇಂಥ ಒಗ್ಗಟ್ಟು ಅಪರೂಪ. ಹೆಚ್ಚಿನ ಕಡೆ ರೈತ ಮಾರಿ ಹೋಗುತ್ತಾನೆ, ಎತ್ತರದ ಕಾಂಪೌಂಡು ಏಳುತ್ತದೆ, ಎದುರಿನ ಹಳ್ಳಿಯ ಮಕ್ಕಳು ಆಡುತ್ತಿದ್ದ ಬಯಲು ಕಾವಲುಗಾರನ ಹಿಂದೆ ಸೇರಿಕೊಳ್ಳುತ್ತದೆ. ಹಳೆಯ ಕಾಲುದಾರಿಯೊಂದನ್ನು ಸಾರ್ವಜನಿಕ ದಾರಿಯಾಗಿಯೇ ಉಳಿಸಿ, ಉದ್ಯಾನದ ಒಂದು ಭಾಗವನ್ನು ಬೀದಿಯ ಕಡೆಗೆ ತೆರೆದಿಟ್ಟರೆ ಕಟ್ಟುವವನಿಗೆ ಆಗುವ ನಷ್ಟ ಅತಿ ಸ್ವಲ್ಪ. ಆ ಸಮುಚ್ಚಯದಲ್ಲಿ ಕೆಲಸ ಮಾಡುವವರು ನಡೆದು ಬರುವುದೂ ಅದೇ ದಾರಿಯಲ್ಲಿ.

ಕೊಳ್ಳುವವರಿಗೂ ನೆರೆಯವರಿಗೂ ಕಾನೂನು ಕೊಟ್ಟಿರುವ ಕೆಲವು ಸಾಧನಗಳಿವೆ. 2006ರ ಪರಿಸರ ಪ್ರಭಾವ ನಿರ್ಣಯ ಅಧಿಸೂಚನೆಯಂತೆ 20,000 ಚದರ ಮೀಟರ್ ಮತ್ತು ಅದಕ್ಕೆ ಮೀರಿದ ನಿರ್ಮಾಣಕ್ಕೆ ಪೂರ್ವಭಾವಿಯಾಗಿ ಪರಿಸರ ಅನುಮತಿ ಬೇಕು. ಆದರೆ ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಆಲಿಕೆಯಿಂದ ಅದೇ ಅಧಿಸೂಚನೆ ವಿನಾಯಿತಿ ನೀಡಿರುವುದರಿಂದ ತಗ್ಗಿನಲ್ಲಿರುವ ನೆರೆಯವನ ಮಾತು ಕೇಳಿಬರುವ ಸಂದರ್ಭವೇ ಕಡಿಮೆ. ಈ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬುವುದು ಷರತ್ತುಗಳ ಪಾಲನೆಯ ಬಗೆಗಿನ ಅರ್ಧವಾರ್ಷಿಕ ವರದಿ. ಅದು ಸಾರ್ವಜನಿಕ ದಾಖಲೆ. ಯಾರು ಬೇಕಾದರೂ ಕೇಳಿ ಪಡೆಯಬಹುದು. 2016ರ ಸ್ಥಿರಾಸ್ತಿ ಕಾಯಿದೆಯಂತೆ ಮಂಜೂರಾದ ಬಡಾವಣೆ ನಕ್ಷೆಯನ್ನೂ ಸಾಮಾನ್ಯ ಜಾಗಗಳನ್ನೂ ಬದಲಾಯಿಸಬೇಕಾದರೆ ಮನೆ ಪಡೆದವರಲ್ಲಿ ಮೂರರಲ್ಲಿ ಎರಡು ಪಾಲಿನವರಾದರೂ ಲಿಖಿತ ಒಪ್ಪಿಗೆ ಕೊಟ್ಟಿರಬೇಕು. ಉದ್ಯಾನವೆಂದು ತೋರಿಸಿದ ನೆಲದ ಮೇಲೆ ಮೂರು ವರ್ಷಗಳಾದ ಮೇಲೆ ಇನ್ನೊಂದು ಕಟ್ಟಡ ಏಳುವುದನ್ನು ಈ ಒಂದು ವಿಧಿಯೇ ತಡೆಯಬಲ್ಲದು. ಸಹಿ ಕೇಳಲು ಬಂದವರಿಗೆ ನಕ್ಷೆ ನೋಡದೆ ಸಹಿ ಮಾಡಿಕೊಡುವ ಸೌಜನ್ಯವನ್ನು ನಿವಾಸಿಗಳು ತೋರಬಾರದು. ಮುಂಗಡ ಕೊಡುವ ಮುನ್ನ ನೆಲಮಾಳಿಗೆಯ ನಕ್ಷೆಯನ್ನು ಕೇಳಿ, ಅದನ್ನು ಉದ್ಯಾನದ ನಕ್ಷೆಯ ಮೇಲಿಟ್ಟು ನೋಡಿದರೆ ನಿಜವಾದ ನೆಲ ಎಷ್ಟು ಉಳಿದಿದೆ ಎಂಬುದು ಐದು ನಿಮಿಷಗಳಲ್ಲಿ ತಿಳಿಯುತ್ತದೆ.

ಮನೆಗಳು ತುಂಬಿದ ಮೇಲೆ ನೆಲದ ಹೊಣೆ ನಿವಾಸಿಗಳ ಸಂಘಕ್ಕೆ ಬರುತ್ತದೆ. ತಮಿಳುನಾಡು 2003ರಲ್ಲಿ ಎಲ್ಲ ಕಟ್ಟಡಗಳಿಗೂ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿದಾಗ ಗುಂಡಿಗಳು ಮನೆಮನೆಯಲ್ಲೂ ಬಂದುವು. ನೋಡಿಕೊಳ್ಳದೆ ಬಿಟ್ಟಲ್ಲಿ ಹೂಳು ತುಂಬಿ ಕೆಲಸ ನಿಲ್ಲಿಸಿದುವು. ಇಂಗುಗುಂಡಿಯ ಮೇಲ್ಪದರದ ಮರಳು ಮತ್ತು ಜಲ್ಲಿಯನ್ನು ವರ್ಷಕ್ಕೊಮ್ಮೆ ಹೊರತೆಗೆದು ತೊಳೆದು ಮತ್ತೆ ತುಂಬಬೇಕು. ತಾರಸಿಯ ಕೊಳವೆಗಳ ಬಾಯಲ್ಲಿ ಎಲೆಗಳನ್ನು ತಡೆಯುವ ಜಾಲರಿ ಇರಬೇಕು. ಮೊದಲ ಮಳೆಯ ಕೊಳೆ ನೀರನ್ನು ಗುಂಡಿಗೆ ಬಿಡದೆ ಹೊರಗೆ ಹರಿಸಬೇಕು. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಈ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು. ದೆಹಲಿಯಲ್ಲಿ ಜೂನ್ ಮಧ್ಯದವರೆಗೆ ಸಮಯವಿದೆ. ಹಿಂಗಾರು ಮಳೆಯನ್ನು ನಂಬಿದ ಚೆನ್ನೈಯಲ್ಲಿ ಸೆಪ್ಟೆಂಬರಿನಲ್ಲಿ ಮಾಡಿದರೆ ಸಾಕು.